ದೇವರ ಮುಂದಿನ ಆಟ: ಹಾಂಗ್‌ಕಾಂಗ್‌ನ ಬಿದಿರು ಚಪ್ಪರದಲ್ಲಿ ಕ್ಯಾಂಟೊನೀಸ್ ಒಪೆರಾ ನೋಡುವುದು ಹೇಗೆ?

ಪ್ರಶ್ನೆ: ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಬಂದು ಎರಡು ವರ್ಷವಾಯಿತು, ಆಪ್ ಲೇ ಚಾವ್‌ನಲ್ಲಿ ಮನೆ. ಹುಂಗ್ ಶಿಂಗ್ ಗುಡಿಯ ಜಾತ್ರೆಯ ಹೊತ್ತಿಗೆ ದೊಡ್ಡ ಬಿದಿರು ಚಪ್ಪರ ಏಳುತ್ತದೆ, ರಾತ್ರಿ ಹನ್ನೊಂದರವರೆಗೂ ಜಾಗಟೆಯ ಸದ್ದು. ಹೊರಗಿನವರು ಒಳಗೆ ಹೋಗಬಹುದೇ? ಟಿಕೆಟ್ ಬೇಕೇ? ಭಾಷೆ ಒಂದಕ್ಷರವೂ ಬಾರದು, ಏಳು ವರ್ಷದ ಮಗಳನ್ನು ಕರೆದುಕೊಂಡು ಹೋದರೆ ಏನಾದರೂ ದಕ್ಕೀತೇ? ಮುಂದಿನ ಸಾಲು ಪ್ರೇತಗಳಿಗೆ ಮೀಸಲು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು, ನಿಜವೇ? ವೇಷ ಕಟ್ಟುವ ಜಾಗ ನೋಡಲು ಬಿಡುತ್ತಾರೆಯೇ?

ಉತ್ತರ: ಧಾರಾಳವಾಗಿ ಹೋಗಿ. ಯಾರೂ ನಿಮ್ಮ ಊರು, ಧರ್ಮ ಕೇಳುವುದಿಲ್ಲ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಅಲ್ಲಿ ಕ್ಯಾಂಟೊನೀಸ್ ಒಪೆರಾ, ಅಂದರೆ ಹಾಡು ಕುಣಿತದ ಆಟ, ನಡೆಯುವುದು ದೇವರಿಗಾಗಿ, ಜನ ಜೊತೆಗೆ ಕೂತು ನೋಡುವವರು. ಅಲ್ಲಿನ ಕ್ಯಾಂಟೊನೀಸ್ ಭಾಷೆಯಲ್ಲಿ ಅದನ್ನು ‘ಸಾನ್ ಗುಂಗ್ ಹೇಯ್’ ಅನ್ನುತ್ತಾರೆ, ದೇವರ ಕಾರ್ಯದ ಆಟ ಎಂದರ್ಥ. ಕರಾವಳಿಯಲ್ಲಿ ಹರಕೆ ಹೊತ್ತು ಆಡಿಸುವ ಯಕ್ಷಗಾನದ ಹರಕೆ ಆಟ ಬಲ್ಲವರಿಗೆ ಇಷ್ಟು ಹೇಳಿದರೆ ಅರ್ಧ ತಿಳಿದ ಹಾಗೆ. ವ್ಯತ್ಯಾಸ ಎಂದರೆ ನಮ್ಮಲ್ಲಿ ಹರಕೆ ಆಟವನ್ನು ಹೆಚ್ಚಾಗಿ ಒಂದು ಮನೆಯವರು ಆಡಿಸುತ್ತಾರೆ. ಇಲ್ಲಿ ಇಡೀ ಕೇರಿ ಒಂದು ಸಮಿತಿ ಮಾಡಿಕೊಂಡು, ಚಂದಾ ಎತ್ತಿ, ಮೇಳವನ್ನು ಗೊತ್ತುಮಾಡುತ್ತದೆ. ದೇವರ ಹುಟ್ಟುಹಬ್ಬಕ್ಕೆ ಊರು ಕೊಡುವ ಉಡುಗೊರೆ ಅದು. ನೀವು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಇದರೊಳಗೇ ಇದೆ.

ಉದಾಹರಣೆಗೆ, ರಂಗ ಯಾವ ಕಡೆಗೆ ಮುಖ ಮಾಡಿದೆ ನೋಡಿ. ಗುಡಿಯ ಬಾಗಿಲಿಗೆ ನೇರ. ಗುಡಿಯೆದುರು ಜಾಗವಿಲ್ಲದಿದ್ದರೆ ದೇವರ ಮೂರ್ತಿಯನ್ನೇ ಹೊತ್ತು ತಂದು ರಂಗದ ಎದುರು ಚಿಕ್ಕದೊಂದು ಚಪ್ಪರದಲ್ಲಿ ಕೂರಿಸುತ್ತಾರೆ. ಹಾಗಾಗಿ ಕುರ್ಚಿಗಳ ನಡುವಿನ ದಾರಿಯನ್ನು ದೇವರ ನೋಟದ ದಾರಿ ಎಂದೇ ತಿಳಿಯಿರಿ. ಹೊಸಬರ ಮೊದಲ ತಪ್ಪು ಆಗುವುದು ಇಲ್ಲಿಯೇ. ಚೆನ್ನಾಗಿ ಕಾಣುತ್ತದೆಂದು ನಡುದಾರಿಯಲ್ಲಿ ಮೊಬೈಲ್ ಹಿಡಿದು ನಿಲ್ಲುತ್ತಾರೆ, ಮಗುವಿನ ತಳ್ಳುಗಾಡಿ ಅಲ್ಲೇ ಬಿಡುತ್ತಾರೆ. ದಾಟಿ ಹೋಗಿ, ನಿಲ್ಲಬೇಡಿ. ಪಕ್ಕದ ಕಂಬಗಳ ಬಳಿ ಎಷ್ಟು ಹೊತ್ತು ನಿಂತರೂ ಯಾರೂ ಏನೂ ಅನ್ನುವುದಿಲ್ಲ.

ಟಿಕೆಟ್ ಬಗ್ಗೆ: ಹೆಚ್ಚಿನ ಚಪ್ಪರಗಳಲ್ಲಿ ಪ್ರವೇಶ ಉಚಿತ. ಕೆಲವು ಕಡೆ ಮುಂದಿನ ಸಾಲುಗಳಿಗೆ ಹಣ ತೆಗೆದುಕೊಂಡು ಹಿಂದಿನದನ್ನು ಬಿಟ್ಟುಕೊಡುತ್ತಾರೆ. ಮುಂದಿನ ಸಾಲಿನ ಕುರ್ಚಿಗೆ ಕಾಗದ ಅಂಟಿಸಿದ್ದರೆ ಅದು ಸಮಿತಿಯವರಿಗೆ, ದಾನಿಗಳಿಗೆ, ಊರ ಹಿರಿಯರಿಗೆ ಮೀಸಲು. ಖಾಲಿ ಇದೆಯೆಂದು ಕೂರಬೇಡಿ, ಆ ಹಿರಿಯರು ಎಂಟೂವರೆಗೆ ಊಟ ಮುಗಿಸಿ ಬಂದಾರು. ಕಾಣಿಕೆ ಕೊಡಬೇಕೆನಿಸಿದರೆ ಗುಡಿಯ ಹುಂಡಿ ಇದೆ. ಸಮಿತಿಯ ಮೇಜಿಗೆ ಕೊಡುವುದಾದರೆ ಕೆಂಪು ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಕೊಡಿ. ಮೊತ್ತದಲ್ಲಿ ನಾಲ್ಕರ ಅಂಕಿ ಬೇಡ, ಆ ಭಾಷೆಯಲ್ಲಿ ನಾಲ್ಕು ಎಂಬ ಸದ್ದು ಸಾವು ಎಂಬ ಸದ್ದಿಗೆ ಹತ್ತಿರ.

ಇನ್ನು ದಿನ ಗೊತ್ತುಮಾಡುವುದು. ಎಡವಟ್ಟಾಗುವುದು ಹೆಚ್ಚಾಗಿ ಇದರಲ್ಲಿಯೇ. ಜಾತ್ರೆಗಳು ಚೀನೀ ಚಾಂದ್ರಮಾನದ ಲೆಕ್ಕದವು. ಹುಂಗ್ ಶಿಂಗ್ ದೇವರದು ಎರಡನೇ ತಿಂಗಳ 13ನೇ ದಿನ. ಚ್ಯುಂಗ್ ಚಾವ್ ದ್ವೀಪದ ಪಾಕ್ ತಾಯ್ ದೇವರದು ಮೂರನೇ ತಿಂಗಳ 3. ಕಡಲ ದೇವಿ ತಿನ್ ಹಾವ್‌ದು ಮೂರನೇ ತಿಂಗಳ 23. ಷಾವ್ ಕೇ ವಾನ್‌ನ ತಾಮ್ ಕುಂಗ್‌ದು ನಾಲ್ಕನೇ ತಿಂಗಳ 8. ನಮ್ಮ ಕ್ಯಾಲೆಂಡರ್‌ಗೆ ತಂದರೆ ಇವೆಲ್ಲ ಮಾರ್ಚ್‌ನಿಂದ ಮೇ ಕೊನೆಯೊಳಗೆ ಹಿಂದೆ ಮುಂದೆ ಓಡಾಡುತ್ತವೆ. ಆದರೆ ಹುಟ್ಟುಹಬ್ಬದ ದಿನವೇ ಆಟ ಶುರುವಾಗುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯ ಕ್ರಮ ಐದು ರಾತ್ರಿ, ನಾಲ್ಕು ಹಗಲು. ಮೊದಲ ದಿನ ರಾತ್ರಿ ಮಾತ್ರ, ಆಮೇಲೆ ನಾಲ್ಕು ದಿನ ಹಗಲೂ ರಾತ್ರಿಯೂ, ಒಟ್ಟು ಒಂಬತ್ತು ಆಟ. ದೇವರ ದಿನ ಇದರ ನಡುವೆ ಎಲ್ಲಾದರೂ ಬರಬಹುದು. ತಿನ್ ಹಾವ್ ಗುಡಿಗಳೇ ಹಾಂಗ್‌ಕಾಂಗ್‌ನಲ್ಲಿ 70ಕ್ಕೂ ಹೆಚ್ಚು. ಎಲ್ಲರಿಗೂ ಅದೇ ವಾರ ಮೇಳವೂ ಚಪ್ಪರ ಕಟ್ಟುವವರೂ ಸಿಗುವುದಿಲ್ಲವಾದ್ದರಿಂದ ಕೆಲವು ಊರುಗಳು ದಿನ ಮುಂದೆ ಹಾಕಿಕೊಳ್ಳುತ್ತವೆ. ಅಂತರ್ಜಾಲದ ಪಟ್ಟಿಯನ್ನು ನಂಬಿ ಹೊರಡುವುದಕ್ಕಿಂತ ಗುಡಿಯ ಗೋಡೆಗೆ ಅಂಟಿಸಿದ ಪ್ರಕಟಣೆಯ ಫೋಟೊ ತೆಗೆದು, ಕನ್ನಡವೋ ಇಂಗ್ಲಿಷೋ ಮಾಡಿಸಿಕೊಂಡು ಓದಿ. ಯಾವ ಹಗಲು ಯಾವ ಆಟ, ಯಾವ ರಾತ್ರಿ ಯಾವ ಆಟ ಎಲ್ಲವೂ ಅದರಲ್ಲಿರುತ್ತದೆ. ಹಗಲಿನದು ಸಾಮಾನ್ಯವಾಗಿ ಮಧ್ಯಾಹ್ನ ಒಂದೂವರೆಯ ಸುಮಾರಿಗೆ, ರಾತ್ರಿಯದು ಏಳು, ಏಳೂವರೆಗೆ.

ಒಂದೇ ರಾತ್ರಿ ಬಿಡುವು ಮಾಡಿಕೊಳ್ಳಲು ಸಾಧ್ಯ ಎಂದಾದರೆ ಮೊದಲ ರಾತ್ರಿ ಹೋಗಿ. ಅಂದು ‘ಆರು ರಾಜ್ಯಗಳ ಮಹಾಮಂತ್ರಿ’ ಎಂಬ ಪ್ರಾರಂಭದ ಆಟ ಆಡುತ್ತಾರೆ. ಪ್ರಾಚೀನ ಚೀನಾದಲ್ಲಿ ರಾಜ್ಯಗಳು ಪರಸ್ಪರ ಕಾದಾಡುತ್ತಿದ್ದ ಕಾಲದ ಆರು ರಾಜ್ಯಗಳನ್ನು ಛಿನ್ ರಾಜ್ಯದ ವಿರುದ್ಧ ಒಂದುಗೂಡಿಸಿದ ಸು ಛಿನ್ ಎಂಬಾತನಿಗೆ ಆರೂ ರಾಜರು ಮಂತ್ರಿಮುದ್ರೆ ಕೊಡುವ ಪ್ರಸಂಗ. ಕಥೆ ಇಷ್ಟೇ. ಅದರ ಉದ್ದೇಶವೇ ಬೇರೆ, ಮೇಳದಲ್ಲಿರುವ ಪ್ರತಿಯೊಬ್ಬ ಕಲಾವಿದನೂ ಮೈತುಂಬ ಉಡುಪು ತೊಟ್ಟು ದೇವರ ಮುಂದೆ ಒಮ್ಮೆ ಕಾಣಿಸಿಕೊಳ್ಳುವುದು. ಧ್ವಜ, ಕೊಡೆ, ಕುದುರೆ, ರಥ ಸಾಲಾಗಿ ಬರುತ್ತವೆ. ಗೊಂಗ್‌ಸುನ್ ಯಾನ್ ಎಂಬ ದೂತ ರಥವೇರಿ ಬರುವುದನ್ನೂ ನಾಯಕನಟಿ ಆ ರಥವನ್ನು ತಳ್ಳುವುದನ್ನೂ ತಪ್ಪಿಸಿಕೊಳ್ಳಬೇಡಿ. ಏರಿ ಕೂರುವಂಥ ರಥ ಅಲ್ಲೇನೂ ಇಲ್ಲ. ರಥದ ಭಾರ, ಏರು, ತಿರುವು, ತಳ್ಳುವವಳ ಆಯಾಸ ಎಲ್ಲವೂ ಅವಳ ಹೆಜ್ಜೆಯಲ್ಲಿ, ಸೊಂಟದ ಬಾಗಿನಲ್ಲಿ ಕಾಣಬೇಕು. ಭಾಷೆಯ ಹಂಗಿಲ್ಲದ ಭಾಗ ಇದು. ಏಳು ವರ್ಷದ ಮಗು ಕಣ್ಣು ಮಿಟುಕಿಸದೆ ನೋಡುತ್ತದೆ.

ಇನ್ನೊಂದು ದಿನವೂ ಬಿಡುವಿದ್ದರೆ ದೇವರ ಹುಟ್ಟುಹಬ್ಬದ ದಿನವೇ ಹೋಗಿ, ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲು. ಮುಖ್ಯ ಕಥೆಗೆ ಮುಂಚೆ ಚಿಕ್ಕ ಚಿಕ್ಕ ಸೇವೆಗಳು ನಡೆಯುತ್ತವೆ. ಎಷ್ಟೋ ಸಲ ಅರ್ಧ ಕುರ್ಚಿ ಖಾಲಿ ಇರುತ್ತದೆ, ಆದರೂ ನಟರು ಒಂದು ಹೆಜ್ಜೆ ಬಿಡದೆ ಆಡುತ್ತಾರೆ, ಏಕೆಂದರೆ ನೋಡಬೇಕಾದವರು ಎದುರಿಗೇ ಇದ್ದಾರೆ. ಎಂಟು ಮಂದಿ ಅಮರರು ಬಂದು ದೇವರಿಗೆ ಹುಟ್ಟುಹಬ್ಬದ ಶುಭ ಕೋರುವುದು ಮೊದಲನೆಯದು. ನಗುಮುಖದ ಮುಖವಾಡ ತೊಟ್ಟ ಒಬ್ಬನೇ ನಟ ಬಾಯಿ ಬಿಡದೆ ಕುಣಿದು, ಶುಭವಾಕ್ಯ ಬರೆದ ಪಟ್ಟಿಗಳನ್ನು ಬಿಚ್ಚಿ ತೋರಿಸುವುದು ಇನ್ನೊಂದು. ಮೂರನೆಯದು ‘ದೇವಕನ್ಯೆ ಮಗುವನ್ನು ಒಪ್ಪಿಸುವುದು’. ಬಡವ ಡೊಂಗ್ ಯೊಂಗ್‌ನನ್ನು ಮದುವೆಯಾಗಿದ್ದ ಸ್ವರ್ಗದ ಏಳನೇ ಮಗಳು, ಅವನು ರಾಜಾಧಿಕಾರಿಗಳ ಪರೀಕ್ಷೆಯಲ್ಲಿ ಮೊದಲಿಗನಾದ ಹೊತ್ತಿಗೆ ಇಳಿದು ಬಂದು ಅವರ ಮಗನನ್ನು ಅವನ ಕೈಗಿಡುತ್ತಾಳೆ. ಆ ಮಗು ಒಂದು ಗೊಂಬೆ. ಹುಟ್ಟುಹಬ್ಬದ ದಿನ ಈ ಭಾಗವನ್ನು ಮೇಳದ ಮುಖ್ಯ ಕಲಾವಿದರೇ ದೊಡ್ಡ ರೂಪದಲ್ಲಿ ಆಡುತ್ತಾರೆ, ಉಳಿದ ದಿನ ಚಿಕ್ಕ ರೂಪದಲ್ಲಿ ಇತರರು. ಆಡಿ ಮುಗಿದ ಮೇಲೆ ವೇಷದಲ್ಲಿಯೇ ರಂಗದಿಂದ ಇಳಿದು, ವಾದ್ಯದ ಜೊತೆ ಗೊಂಬೆಯನ್ನು ಎತ್ತಿಕೊಂಡು ಜನರ ನಡುವೆ ದೇವರ ಸನ್ನಿಧಿಗೆ ಹೋಗುವ ರೂಢಿಯಿದೆ. ಸಮಿತಿಯವರು ಕೆಂಪು ಲಕೋಟೆ ಕೊಟ್ಟು ಮರ್ಯಾದೆ ಮಾಡುತ್ತಾರೆ. ನೀವು ನಡುದಾರಿಯ ಪಕ್ಕದ ಕುರ್ಚಿಯಲ್ಲಿದ್ದರೆ ಮಾರುದ್ದ ದೂರದಲ್ಲಿ ಹಾದುಹೋಗುತ್ತಾರೆ. ಜರಿಯ ಹೊಲಿಗೆ, ಬೆವರಿಗೆ ಬಿರಿದ ಬಣ್ಣ, ತೋಳ್ತೆಕ್ಕೆಯಲ್ಲಿ ನಿಜವಾದ ಕೂಸಿನಂತೆ ಕುತ್ತಿಗೆಗೆ ಆಸರೆ ಕೊಟ್ಟು ಹಿಡಿದ ಗೊಂಬೆ. ಅಲ್ಲಿ ದಾರಿಗೆ ಕೈ ಚಾಚಬೇಡಿ, ಫ್ಲ್ಯಾಶ್ ಹಾಕಬೇಡಿ.

ಒಂದು ವಿಧಿಯನ್ನು ಮಾತ್ರ ಕುತೂಹಲಕ್ಕೆಂದು ನೋಡಲು ಹೋಗಬೇಡಿ. ಹಿಂದೆ ಎಂದೂ ಆಟ ಆಗದ ಜಾಗದಲ್ಲಿ ರಂಗ ಎದ್ದರೆ, ಮೊದಲ ಆಟಕ್ಕೆ ಮುಂಚೆ ಬಿಳಿ ಹುಲಿಯ ಬಲಿ ಎಂಬುದನ್ನು ಮಾಡುತ್ತಾರೆ. ಕರಿಬಣ್ಣದ ಮುಖದ ಜಾವ್ ಗೊಂಗ್‌ಮಿಂಗ್ ದೇವರ ವೇಷದವನು, ಹಸಿ ಹಂದಿಮಾಂಸಕ್ಕೆ ಬಾಯಿ ಹಾಕಿದ ಹುಲಿಯನ್ನು ಹೊಡೆದು ಹಣಿದು ಸರಪಳಿ ಬಿಗಿಯುತ್ತಾನೆ. ಜಾಗದ ಕೇಡು ಕಳೆಯಲೆಂದು ಮಾಡುವ ಕ್ರಿಯೆ ಅದು. ಅದು ಮುಗಿಯುವವರೆಗೆ ರಂಗದ ಹಿಂದೆ ಯಾರೂ ತುಟಿ ಬಿಚ್ಚುವುದಿಲ್ಲ, ಮಾತಾಡಿದವರಿಗೆ ಕೇಡು ತಟ್ಟುತ್ತದೆಂಬ ನಂಬಿಕೆ. ನೀವು ಬೇಗ ಬಂದು ಚಪ್ಪರವೆಲ್ಲ ವಿಚಿತ್ರವಾಗಿ ಮೌನವಾಗಿದ್ದರೆ, ಹೊರಗೇ ನಿಂತು ಮಗುವಿಗೂ ಸುಮ್ಮನಿರಲು ಹೇಳಿ. ಫೋಟೊ ಬೇಡವೇ ಬೇಡ. ಪ್ರತಿವರ್ಷ ಅದೇ ಜಾಗದಲ್ಲಿ ಚಪ್ಪರ ಏಳುವ ಕಡೆ ಇದು ಎದುರಾಗುವುದು ಅಪರೂಪ.

ಭಾಷೆಯ ಮಾತಿಗೆ ಬರೋಣ. ರಂಗದ ಪಕ್ಕದಲ್ಲಿ ಸಾಹಿತ್ಯದ ಸಾಲುಗಳು ಬೆಳಕಿನ ಫಲಕದಲ್ಲಿ ಬರುವುದುಂಟು, ಚೀನೀ ಲಿಪಿಯಲ್ಲಿ ಮಾತ್ರ. ಅದಕ್ಕೆ ಮೊಬೈಲ್ ಹಿಡಿದು ಅನುವಾದಿಸಿಕೊಳ್ಳುವ ಪ್ರಯತ್ನ ಬಿಟ್ಟುಬಿಡಿ. ಹಳೆಯ ಕಾವ್ಯದ ಪದಗಳು, ಯಂತ್ರ ಅದನ್ನು ಕಲಸುಮೇಲೋಗರ ಮಾಡುತ್ತದೆ, ಅಷ್ಟರಲ್ಲಿ ನಟಿ ಮಾಡಿದ್ದು ತಪ್ಪಿಹೋಗಿರುತ್ತದೆ. ಮನೆಯಲ್ಲಿಯೇ ಆಟದ ಹೆಸರು ಹುಡುಕಿ ಕಥೆ ಓದಿಕೊಂಡು, ಮಗಳಿಗೂ ಹೇಳಿ ಕರೆದುಕೊಂಡು ಬನ್ನಿ. ಆಟ ಮೂರೂವರೆ, ನಾಲ್ಕು ಗಂಟೆಯದು. ಕಥೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಅದು ಬೇರೆ ಬೇರೆ ನಾಲ್ಕು ಗಂಟೆ.

ಯಾರು ಯಾರೆಂದು ಹಿಡಿಯುವುದು ಅಷ್ಟು ಕಷ್ಟವಲ್ಲ. ಮೇಳದ ಭಾರ ಆರು ಮಂದಿಯ ಮೇಲೆ, ಅವರನ್ನು ಆರು ಕಂಬಗಳು ಎಂದೇ ಕರೆಯುತ್ತಾರೆ: ನಾಯಕ, ನಾಯಕಿ, ಎರಡನೇ ನಾಯಕ, ಎರಡನೇ ನಾಯಕಿ, ಹಾಸ್ಯಗಾರ, ಗಡ್ಡದ ಹಿರಿಯ. ನಾಯಕನ ವೇಷದಲ್ಲಿರುವುದು ಹೆಂಗಸಾಗಿರಬಹುದು. ಕ್ಯಾಂಟೊನೀಸ್ ರಂಗದಲ್ಲಿ ಇದಕ್ಕೆ ದೊಡ್ಡ ಪರಂಪರೆಯೇ ಇದೆ, ಯಾಮ್ ಕಿಮ್ ಫಾಯ್ ಎಂಬ ನಟಿ ಗಂಡುಪಾತ್ರಗಳಿಂದಲೇ ಮನೆಮಾತಾದವರು. ತುಂಬು ಕೆಂಪು ಬಣ್ಣದ ಮುಖ ನಿಷ್ಠೆಯದು, ಕರಿ ಮುಖ ನೇರ ನಡತೆಯ ನ್ಯಾಯವಂತನದು, ಸುಣ್ಣದಂತೆ ಬಿಳಿ ಬಳಿದದ್ದು ಕುಟಿಲನದು. ಬೆನ್ನಿಗೆ ನಾಲ್ಕು ಬಾವುಟ ಕಟ್ಟಿಕೊಂಡವನು ಸೇನಾಪತಿ. ಗೊಂಡೆಯ ಚಾವಟಿ ಹಿಡಿದರೆ ಕುದುರೆ ಏರಿದ್ದಾನೆ, ಕೈಬಿಟ್ಟರೆ ಇಳಿದ. ಒಂದು ಮೇಜು ಎರಡು ಕುರ್ಚಿಯೇ ಅರಮನೆ, ಬೆಟ್ಟ, ಸೇತುವೆ ಎಲ್ಲವೂ ಆಗುತ್ತವೆ. ರಂಗಕ್ಕೊಂದು ಸುತ್ತು ಹೊಡೆದರೆ ಊರಿಂದ ಊರಿಗೆ ಹೋದಂತೆ, ಇದನ್ನು ಯಕ್ಷಗಾನ ನೋಡಿದ ಕಣ್ಣಿಗೆ ಬಿಡಿಸಿ ಹೇಳಬೇಕಿಲ್ಲ.

ಮುಂಗೈಯಿಂದ ಜೋತುಬಿದ್ದ ಬಿಳಿ ರೇಷ್ಮೆಯ ತೋಳು ಇದೆಯಲ್ಲ, ಅದನ್ನು ನೀರ ತೋಳು ಅನ್ನುತ್ತಾರೆ. ಕಣ್ಣಿಟ್ಟು ನೋಡಬೇಕಾದದ್ದು ಅದನ್ನು. ಝಾಡಿಸಿ ಎಸೆದರೆ ಸಿಟ್ಟು ಅಥವಾ ತಿರಸ್ಕಾರ, ಎತ್ತಿ ಮುಖ ಮರೆಸಿದರೆ ನಾಚಿಕೆಯೋ ಅಳುವೋ. ಅದೇ ತೋಳಿನಿಂದ, ಬೆರಳಿನ ಸನ್ನೆಯಿಂದ ನಟ ವಾದ್ಯದವರಿಗೆ ಮುಂದಿನ ಹಾಡಿನ ಸೂಚನೆಯನ್ನೂ ಕೊಡುತ್ತಾನೆ. ತಾಳದ ಮುಖಂಡ ಮರದ ತುಂಡಿನ ಮೇಲೆ ಕಡ್ಡಿ ಬಡಿಯುತ್ತ, ನಟನ ಮೈಯ ಮೇಲೆಯೇ ಕಣ್ಣಿಟ್ಟಿರುತ್ತಾನೆ. ರಂಗದ ಅಂಚಿನಲ್ಲಿ ಅವನು ಕಾಣಿಸುವಂತೆ ಕೂತರೆ, ಯಾವ ಸನ್ನೆಗೆ ಯಾವ ಪೆಟ್ಟು ಬೀಳುತ್ತದೆಂದು ಒಂದು ಗಂಟೆಯೊಳಗೆ ನಿಮಗೇ ಗೊತ್ತಾಗತೊಡಗುತ್ತದೆ. ಎರಡು ತಂತಿಯ ಗಾವ್‌ಹು ಎಂಬ ವಾದ್ಯದ ಜೊತೆಗೆ ವಯಲಿನ್, ಸ್ಯಾಕ್ಸೊಫೋನ್ ಕಂಡರೆ ಅಚ್ಚರಿಪಡಬೇಡಿ, ಕ್ಯಾಂಟೊನೀಸ್ ಒಪೆರಾ ಅವನ್ನು ಕಳೆದ ಶತಮಾನದ ಮೊದಲರ್ಧದಲ್ಲಿಯೇ ತನ್ನದಾಗಿಸಿಕೊಂಡಿದೆ.

ನೇರ ಚಪ್ಪರಕ್ಕೆ ಹೋಗಲು ಹಿಂಜರಿಕೆಯಿದ್ದರೆ ಪಶ್ಚಿಮ ಕೌಲೂನ್‌ನಲ್ಲಿ 2019ರಲ್ಲಿ ತೆರೆದ ಷೀಚ್ಯು ಕೇಂದ್ರದಲ್ಲಿ ಒಂದು ಪ್ರದರ್ಶನ ಮೊದಲು ನೋಡಬಹುದು, ಅಲ್ಲಿ ಇಂಗ್ಲಿಷ್ ಸಾಲುಗಳು ಸಿಗುತ್ತವೆ. ತಂಪಾದ ಒಳಾಂಗಣ, ಒಳ್ಳೆಯ ಧ್ವನಿ. ಆದರೆ ಅಲ್ಲಿ ಎದುರಿಗೆ ದೇವರಿಲ್ಲ. ಮೇಲೆ ಹೇಳಿದ ಸೇವೆಗಳಿಗೆ ಅರ್ಥ ಬರುವುದು ಗುಡಿಯ ಮುಂದೆಯೇ.

ಕೂರುವ ಜಾಗ: ನಡುವಿನ ಸಾಲುಗಳಲ್ಲಿ, ಜಾಗಟೆ ತಾಳ ಯಾವ ಪಕ್ಕದಲ್ಲಿದೆಯೋ ಅದರ ಎದುರು ಪಕ್ಕದಲ್ಲಿ. ನಟರಿಗೆ ಮೈಕ್ ಇರುತ್ತದೆ, ಮೇಲೆ ತಗಡಿನ ಹೊದಿಕೆ, ಸದ್ದು ಎರಡು ಪಟ್ಟಾಗಿ ಕೆಳಗೆ ಬೀಳುತ್ತದೆ. ಮಗುವಿಗೆ ಕಿವಿಮುಚ್ಚುಗೆ ಬೇಕೇ ಬೇಕು. ಕಾದಾಟದ ಭಾಗದಲ್ಲಿ ಹೆದರಿ ಅಳುವ ಮಕ್ಕಳಲ್ಲಿ ಹೆಚ್ಚಿನವರು ಹೆದರುವುದು ವೇಷಕ್ಕಲ್ಲ, ಜಾಗಟೆಗೆ. ಮೇ ತಿಂಗಳ ಹಗಲಿನ ಆಟದಲ್ಲಿ ಆ ತಗಡು ಕಾದು ಒಳಗೆ ಹಬೆಯಾಡುತ್ತದೆ. ಬೀಸಣಿಗೆ, ನೀರು, ಸೊಳ್ಳೆಗೆ ಹಚ್ಚುವ ಮುಲಾಮು ಇರಲಿ. ಜೋರು ಮಳೆ ಬಂದರೆ ಹಾಡು ಕೇಳಿಸುವುದಿಲ್ಲ, ಆಟ ನಿಲ್ಲುವುದೂ ಇಲ್ಲ. ನಾಲ್ಕು ಗಂಟೆ ಅಲುಗದೆ ಕೂರಬೇಕೆಂಬ ನಿಯಮ ಏನಿಲ್ಲ. ಅಜ್ಜಿಯರು ಕಡಲೆ ಸುಲಿಯುತ್ತ ಮಾತಾಡುತ್ತಾರೆ, ಹೊರಗೆ ಹೋಗಿ ತಿಂದು ಬರುತ್ತಾರೆ. ಮಗಳಿಗೆ ಸಾಕೆನಿಸಿದರೆ ಒಂದು ದೃಶ್ಯ ಮುಗಿದಾಗ ಎದ್ದುಬನ್ನಿ.

ಸಸ್ಯಾಹಾರಿಗಳಾದರೆ ‘ಜಾಯ್’ ಎಂಬ ಪದ ಕಲಿತುಕೊಳ್ಳಿ, ಅಲ್ಲಿನ ಬೌದ್ಧ ರೀತಿಯ ಸಸ್ಯಾಹಾರ. ಹೊರಗಿನ ಗಾಡಿಗಳಲ್ಲಿ ಮೀನುಂಡೆಯ ರಾಜ್ಯ, ಆದ್ದರಿಂದ ಮನೆಯಿಂದ ಬುತ್ತಿ ತಂದರೆ ನೆಮ್ಮದಿ. ಇದಕ್ಕೆ ದೊಡ್ಡ ಅಪವಾದ ಚ್ಯುಂಗ್ ಚಾವ್ ದ್ವೀಪದ ಬನ್ ಜಾತ್ರೆ. ನಾಲ್ಕನೇ ತಿಂಗಳ 8ನೇ ದಿನದ ಸುಮಾರಿಗೆ ಬರುವ ಆ ಹಬ್ಬದಲ್ಲಿ ದ್ವೀಪದವರು ಮಾಂಸ ಬಿಡುತ್ತಾರೆ, ಹೋಟೆಲುಗಳೂ ಅಡಿಗೆ ಬದಲಿಸುತ್ತವೆ. ಪಾಕ್ ತಾಯ್ ಗುಡಿಯೆದುರು ಚಪ್ಪರದ ಆಟವೂ ಇರುತ್ತದೆ. ಜನಸಂದಣಿ ಮಾತ್ರ ವಿಪರೀತ, ಮಗುವಿನೊಂದಿಗೆ ಮೆರವಣಿಗೆಯ ದಿನ ಬೇಡ.

ವೇಷ ಕಟ್ಟುವ ಜಾಗದ ಬಗ್ಗೆ ಕೇಳಿದ್ದೀರಿ. ಪರಿಚಯದವರಿದ್ದರೆ ಅಥವಾ ಸಮಿತಿಯವರು ಕರೆದರೆ ಮಾತ್ರ ಹೋಗಿ. ನಮ್ಮ ಯಕ್ಷಗಾನದ ಚೌಕಿಯಲ್ಲಿ ಗಣಪತಿ ಇರುವ ಹಾಗೆ ಅಲ್ಲಿ ವಾ ಕ್ವಾಂಗ್ ಎಂಬ ಗುರುದೇವರ ಪೀಠವಿರುತ್ತದೆ. ಕಲಾವಿದರು ರಂಗಕ್ಕೆ ಹೋಗುವ ಮುಂಚೆ ಅದಕ್ಕೆ ಧೂಪ ಹಚ್ಚುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ನೀವೂ ಅದಕ್ಕೆ ಕೈಮುಗಿದರೆ ಉಳಿದದ್ದೆಲ್ಲ ಸಲೀಸು. ಉಡುಪಿನ ಪೆಟ್ಟಿಗೆಗಳ ಮೇಲೆ ಕೂರಬೇಡಿ, ಕಿರೀಟ ಕತ್ತಿಗಳನ್ನು ಮುಟ್ಟಬೇಡಿ, ಬಣ್ಣ ಹಚ್ಚಿಕೊಳ್ಳುತ್ತಿರುವವರನ್ನು ಮಾತಿಗೆ ಎಳೆಯಬೇಡಿ. ಹತ್ತು ನಿಮಿಷ ಸಾಕು.

ಪ್ರೇತಗಳ ಸಾಲಿನ ಸಂಗತಿ ನಿಜ, ಆದರೆ ಅದು ನಿಮ್ಮ ಗುಡಿಯ ಜಾತ್ರೆಗೆ ಸೇರಿದ್ದಲ್ಲ. ಏಳನೇ ಚಾಂದ್ರ ತಿಂಗಳು, ಅಂದರೆ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಹಸಿದ ಪ್ರೇತಗಳು ಭೂಮಿಗೆ ಬರುತ್ತವೆಂದು ಅವಕ್ಕೆ ಅನ್ನ, ಧೂಪ, ಆಟ ಅರ್ಪಿಸುತ್ತಾರೆ. ಸಿಂಗಪುರ, ಮಲೇಷ್ಯಾಗಳಲ್ಲಿ ಆ ತಿಂಗಳ ‘ಗೇತಾಯ್’ ಹಾಡಿನ ಕಾರ್ಯಕ್ರಮಗಳಿಗೆ ಮೊದಲ ಸಾಲನ್ನು ಖಾಲಿ ಬಿಡುತ್ತಾರೆ, ನಿಮ್ಮ ಸಹೋದ್ಯೋಗಿ ಹೇಳಿದ್ದು ಬಹುಶಃ ಅದನ್ನು. ಹಾಂಗ್‌ಕಾಂಗ್‌ನಲ್ಲಿ ಈ ಹಬ್ಬವನ್ನು ದೊಡ್ಡದಾಗಿ ಮಾಡುವವರು ದಕ್ಷಿಣ ಚೀನಾದ ಕರಾವಳಿ ಮೂಲದ ಚಿಯು ಚಾವ್ ಸಮುದಾಯದವರು. ಅವರ ಆಚರಣೆ 2011ರಲ್ಲಿ ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದೆ. ಆಟದ ಮೈದಾನಗಳಲ್ಲಿ ಚಪ್ಪರ, ಎತ್ತರದ ಕಾಗದದ ಪ್ರೇತರಾಜ, ಅವರದೇ ಭಾಷೆಯ ಒಪೆರಾ. ಅದಕ್ಕೂ ಹೋಗಬಹುದು. ನೆಲದಲ್ಲಿ ಇಟ್ಟ ಎಡೆಯನ್ನು ತುಳಿಯದಂತೆ, ಸತ್ತವರ ಹೆಸರಿನ ಕಾಗದದ ಫಲಕಗಳ ಫೋಟೊ ತೆಗೆಯದಂತೆ ಎಚ್ಚರವಿದ್ದರೆ ಸಾಕು. ಯಾವ ಊರಾದರೂ ಖಾಲಿ ಬಿಟ್ಟ ಮೊದಲ ಸಾಲಿಗೆ ಹೋಗಿ ಕೂರಬೇಡಿ.

ದೂರದ ದ್ವೀಪಗಳಲ್ಲಿ ಸೊಗಸಾದದ್ದು ಪೋ ತೋಯ್. ತಿನ್ ಹಾವ್ ಜಾತ್ರೆಗೆ ಅಲ್ಲಿ ಸಮುದ್ರದ ಮೇಲಿನ ಬಂಡೆಗೇ ಚಪ್ಪರ ಕಟ್ಟುತ್ತಾರೆ. ಆದರೆ ಹೋಗುವ ಮುಂಚೆ ಕೊನೆಯ ದೋಣಿಯ ಸಮಯ ಕೇಳಿಕೊಳ್ಳಿ. ರಾತ್ರಿ ಆಟ ಮುಗಿಯುವ ಹೊತ್ತಿಗೆ ದೋಣಿ ಇರುತ್ತದೆಂದು ನಂಬಿ ಕೂರುವ ಹಾಗಿಲ್ಲ. ಮಗುವಿದ್ದರೆ ಹಗಲಿನ ಆಟವೇ ಸರಿ.

ನೀವು ಆಪ್ ಲೇ ಚಾವ್‌ನಲ್ಲಿಯೇ ಇರುವುದರಿಂದ ಇನ್ನೊಂದು ಅನುಕೂಲವಿದೆ. ಜಾತ್ರೆಗೆ ಕೆಲವು ವಾರ ಮುಂಚೆಯೇ ಚಪ್ಪರದ ಕೆಲಸ ಶುರುವಾಗುತ್ತದೆ, ಸಂಜೆ ಮಗಳನ್ನು ಕರೆದುಕೊಂಡು ಹೋಗಿ. ಅಡಿಪಾಯ ತೋಡುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ದಪ್ಪ ಮರದ ಕಂಬಗಳಿಗೆ ಬಿದಿರು ಕೂಡಿಸಿ, ಕೂಡಿದ ಜಾಗಕ್ಕೆ ಪಟ್ಟಿಯನ್ನು ಹಲವು ಸುತ್ತು ಬಿಗಿದು, ತುದಿಯನ್ನು ತಿರುಚಿ ಸಂದಿಗೆ ತೂರಿಸುತ್ತಾರೆ. ಹಿಂದೆ ಸೀಳಿದ ಬಿದಿರಿನ ಪಟ್ಟಿ, ಈಗ ಪ್ಲಾಸ್ಟಿಕ್. ನೂರಾರು ಜನ ಕೂರುವ ಚಪ್ಪರದ ಮಾಡನ್ನು ಎತ್ತಿ ಹಿಡಿಯುವುದು ಆ ಗಂಟುಗಳೇ. ಕೊನೆಯ ಆಟದ ಮರುದಿನವೇ ಬಿಚ್ಚತೊಡಗುತ್ತಾರೆ, ಕಂಬಗಳು ಲಾರಿ ಹತ್ತಿ ಮುಂದಿನ ಊರಿಗೆ ಹೋಗುತ್ತವೆ.